ಸೀಲಿಂಗ್ ಮುಚ್ಚುವ ಮುಂಚೆ ಒಮ್ಮೆ ಏಣಿ ಹತ್ತಿ ನೋಡಿ

ಗೆ,
ಮುಖ್ಯ ವಿದ್ಯುತ್ ಪರಿವೀಕ್ಷಕರು,
ವಿದ್ಯುತ್ ಪರಿವೀಕ್ಷಣಾಲಯ, ಕರ್ನಾಟಕ ಸರ್ಕಾರ, ಬೆಂಗಳೂರು

ಹಾಗೂ ಅಂಗಡಿ, ಕ್ಲಿನಿಕ್, ಹೋಟೆಲ್, ಕೋಚಿಂಗ್ ಸೆಂಟರ್, ಆಫೀಸ್ ನಡೆಸುವ ಎಲ್ಲ ಮಾಲೀಕರಿಗೆ

ವಿಷಯ: ಕ್ಯಾಸೆಟ್ ಎಸಿ ಕೂರಿಸಿದ ಮೇಲೆ ಫಾಲ್ಸ್ ಸೀಲಿಂಗ್ ಮುಚ್ಚುವ ಮುಂಚೆ ಪರೀಕ್ಷೆ ಕಡ್ಡಾಯ ಮಾಡುವ ಬಗ್ಗೆ

ಮಾನ್ಯರೇ,

ನಾನು ಬೆಂಗಳೂರಿನಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿಸುವ ಸೂಪರ್‌ವೈಸರ್. ನಿಮ್ಮ ಇಲಾಖೆ ಕೊಟ್ಟ ಪರ್ಮಿಟ್ ಇಟ್ಟುಕೊಂಡೇ ಅನ್ನ ತಿನ್ನುತ್ತಿದ್ದೇನೆ. ಈಚಿನ ವರ್ಷಗಳಲ್ಲಿ ನನಗೆ ಬರುವ ಕೆಲಸದಲ್ಲಿ ಕ್ಯಾಸೆಟ್ ಎಸಿಗಳದ್ದೇ ಜಾಸ್ತಿ. ಫಾಲ್ಸ್ ಸೀಲಿಂಗ್‌ನಲ್ಲಿ ಚೌಕವಾಗಿ ಕೂತು ನಾಲ್ಕೂ ಕಡೆಗೆ ತಣ್ಣನೆ ಗಾಳಿ ಬಿಡುತ್ತದಲ್ಲ, ಆ ಎಸಿ. ಮೊದಲು ಅದು ದೊಡ್ಡ ಆಫೀಸು, ಬ್ಯಾಂಕುಗಳಿಗೆ ಸೀಮಿತವಾಗಿತ್ತು. ಈಗ ದಂತವೈದ್ಯರ ಕ್ಲಿನಿಕ್‌ನಿಂದ ಹಿಡಿದು ಸೀರೆ ಅಂಗಡಿ, ದರ್ಶಿನಿ ಮೇಲಿನ ಫ್ಯಾಮಿಲಿ ರೂಮ್, ಮಕ್ಕಳ ಟ್ಯೂಷನ್ ಹಾಲ್ ತನಕ ಎಲ್ಲ ಕಡೆ ಬಂದಿದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿದ್ದು ನೆನಪಿರಬಹುದು. ಫ್ಯಾನೇ ಸಾಕು ಅನ್ನುತ್ತಿದ್ದವರೂ ಆ ಬೇಸಿಗೆಯಲ್ಲಿ ಎಸಿಗೆ ಫೋನ್ ಮಾಡಿದರು.

ಎಸಿ ಬೇಡ ಅಂತ ಹೇಳೋಕೆ ಈ ಪತ್ರ ಬರೆಯುತ್ತಿಲ್ಲ. ನಾನು ಕೇಳುವುದು ಒಂದೇ ಒಂದು. ಎಸಿ ತೂಗುಹಾಕಿ, ಪೈಪ್ ಎಳೆದು, ವೈರಿಂಗ್ ಮುಗಿಸಿದ ಮೇಲೆ, ಸೀಲಿಂಗ್ ಮುಚ್ಚುವ ಮುಂಚೆ, ಪರ್ಮಿಟ್ ಇರುವ ಒಬ್ಬರು ಏಣಿ ಹತ್ತಿ ಒಳಗೆ ಕಣ್ಣಾಡಿಸಿ, ಮೀಟರ್ ಹಿಡಿದು ಅಳೆದು, ಒಂದು ಹಾಳೆಗೆ ಸಹಿ ಹಾಕಬೇಕು. ಆ ಹಾಳೆ ಇಲ್ಲದೆ ಜಿಪ್ಸಂ ಬೋರ್ಡ್ ಮೇಲೇರಬಾರದು. ಅಷ್ಟೇ.

ಇದು ಯಾಕೆ ಬೇಕು ಅಂತ ವಿವರವಾಗಿ ಹೇಳುತ್ತೇನೆ.

ಒಂದು ಕ್ಯಾಸೆಟ್ ಎಸಿ ಕೂರಿಸಲು ಮೂರು ತಂಡ ಬರುತ್ತವೆ. ಎಸಿ ಮಾರಿದವರ ಹುಡುಗರು ಇಂಡೋರ್, ಔಟ್‌ಡೋರ್ ಎರಡನ್ನೂ ಕೂರಿಸಿ ತಾಮ್ರದ ಪೈಪ್ ಎಳೆಯುತ್ತಾರೆ. ಎಲೆಕ್ಟ್ರಿಷಿಯನ್ ಡಿಬಿಯಿಂದ, ಅಂದರೆ ಕರೆಂಟ್ ಹಂಚುವ ಪೆಟ್ಟಿಗೆಯಿಂದ, ಕೇಬಲ್ ತಂದು ಬಿಡುತ್ತಾನೆ. ಕೊನೆಗೆ ಇಂಟೀರಿಯರ್‌ನವರು ಬಂದು ಬೋರ್ಡ್ ಹೊಡೆದು, ಪುಟ್ಟಿ ತಿಕ್ಕಿ, ಬಣ್ಣ ಬಳಿದು ಹೋಗುತ್ತಾರೆ. ಒಬ್ಬರು ಬಂದ ದಿನ ಇನ್ನೊಬ್ಬರು ಇರುವುದಿಲ್ಲ. ಎಸಿ ತಂಡವನ್ನು ಕೇಳಿದರೆ "ಪವರ್ ಸಪ್ಲೈ ಕಸ್ಟಮರ್ ಕಡೆಯದು ಸಾರ್" ಅನ್ನುತ್ತಾರೆ. ಎಲೆಕ್ಟ್ರಿಷಿಯನ್‌ನನ್ನು ಕೇಳಿದರೆ "ನಾನು ಕೇಬಲ್ ಬಿಟ್ಟಿದ್ದೀನಿ, ಕನೆಕ್ಷನ್ ಎಸಿಯವರದ್ದು" ಅನ್ನುತ್ತಾನೆ. ಹೀಗಾಗಿ ಕೊನೆಯ ನಾಲ್ಕೈದು ಅಡಿ ವೈರು ಯಾರದ್ದೂ ಅಲ್ಲ. ಕೇಬಲ್ ಒಂದು ಅಡಿ ಕಡಿಮೆ ಬಿತ್ತು ಅಂದುಕೊಳ್ಳಿ. ಹೊಸದಾಗಿ ಎಳೆಯುವ ಬದಲು ಸಿಕ್ಕಿದ ತುಂಡು ಸೇರಿಸಿ, ಕೈಯಲ್ಲೇ ತಿರುಚಿ, ಟೇಪ್ ಸುತ್ತಿ ಬಿಡುತ್ತಾರೆ. ಮಾರನೇ ದಿನ ಬೋರ್ಡ್ ಬಿದ್ದರೆ ಮುಗಿಯಿತು. ಆಮೇಲೆ ಅದನ್ನು ನೋಡುವವರು ಯಾರು?

ಇಂಥ ಒಂದು ಜಾಯಿಂಟ್ ಹೇಗಿರುತ್ತದೆ ಅಂತ ಹೇಳಲೇಬೇಕು. ಒಂದು ಟ್ಯೂಷನ್ ಹಾಲ್‌ನಲ್ಲಿ ಎಸಿ ಆಗಾಗ ನಿಲ್ಲುತ್ತಿದೆ, ಏನೋ ಸುಟ್ಟ ವಾಸನೆ ಬರುತ್ತಿದೆ ಅಂತ ನನ್ನನ್ನು ಕರೆದರು. ಸೀಲಿಂಗ್‌ನಲ್ಲಿ ಕೈ ಹಾಕೋಕೂ ಕಿಂಡಿ ಬಿಟ್ಟಿರಲಿಲ್ಲ. ಬೋರ್ಡ್ ಕತ್ತರಿಸಿಯೇ ನೋಡಬೇಕಾಯಿತು. ಕಪ್ಪು ಟೇಪ್ ಕರಗಿ ಗಟ್ಟಿಯಾಗಿ, ಮುಟ್ಟಿದರೆ ಪುಡಿ ಉದುರುತ್ತಿತ್ತು. ಅದರೊಳಗಿನ ತಾಮ್ರ ಕೆಂಪು ಬಣ್ಣ ಬಿಟ್ಟು ಕಪ್ಪಾಗಿತ್ತು. ಎರಡೂ ಕಡೆ ಒಂದು ಗೇಣು ದೂರದವರೆಗೆ ವೈರಿನ ಮೇಲಿನ ಪಿವಿಸಿ ಬಿರುಕು ಬಿಟ್ಟಿತ್ತು. ಜಾಯಿಂಟ್ ಒರಗಿಕೊಂಡಿದ್ದ ಪ್ಲೈವುಡ್ ಪಟ್ಟಿಯ ಮೇಲೆ ಅಂಗೈ ಅಗಲದ ಕಂದು ಕಲೆ ಇತ್ತು. ಅಂದರೆ ಮರ ಬೇಯುತ್ತಿತ್ತು. ಅದರ ನೇರ ಕೆಳಗೆ ಮಕ್ಕಳ ಬೆಂಚುಗಳ ಸಾಲು.

ಡಿಬಿಗೆ ಹೋಗಿ ನೋಡಿದರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಆನ್ ಇತ್ತು. ಅದು ಟ್ರಿಪ್ ಆಗಬೇಕಿತ್ತಲ್ವಾ ಅಂತ ಮಾಲೀಕರು ಕೇಳಿದರು. ಆಗುವುದಿಲ್ಲ, ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ಎಂಸಿಬಿ ನೋಡುವುದು ಕರೆಂಟ್ ಎಷ್ಟು ಹರಿಯುತ್ತಿದೆ ಅಂತ ಮಾತ್ರ. ಸಡಿಲ ಜಾಯಿಂಟ್‌ನಲ್ಲಿ ಹರಿಯುವುದು ಎಸಿಗೆ ಬೇಕಾದ ಮಾಮೂಲಿ ಕರೆಂಟೇ. ಲೆಕ್ಕ ಮಾಡಿ ನೋಡಿ. ಎಸಿ 15 ಆಂಪಿಯರ್ ಎಳೆಯುತ್ತಿದೆ, ಜಾಯಿಂಟ್‌ನ ರೆಸಿಸ್ಟನ್ಸ್ ಒಂದು ಓಮ್‌ನ ಹತ್ತನೇ ಒಂದು ಭಾಗ ಅಂದುಕೊಳ್ಳಿ. 15ನ್ನು 15ರಿಂದ ಗುಣಿಸಿ 0.1ರಿಂದ ಗುಣಿಸಿದರೆ 22.5 ವ್ಯಾಟ್. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟ್‌ದು. ಅದನ್ನು ಆನ್ ಮಾಡಿ, ಟೇಪ್ ಸುತ್ತಿ, ಪ್ಲೈವುಡ್ ಮೇಲೆ ಇಟ್ಟು ಸೀಲಿಂಗ್ ಮುಚ್ಚಿದ ಹಾಗೆ. ಬಿಸಿಯಾದಷ್ಟೂ ತಾಮ್ರದ ಮೇಲೆ ಕಪ್ಪು ಪದರ ಕಟ್ಟುತ್ತದೆ, ರೆಸಿಸ್ಟನ್ಸ್ ಇನ್ನಷ್ಟು ಏರುತ್ತದೆ, ಬಿಸಿಯೂ ಏರುತ್ತದೆ. ಮಾಮೂಲಿ ಪಿವಿಸಿ ವೈರ್ ತಡೆದುಕೊಳ್ಳುವುದು 70 ಡಿಗ್ರಿ ತನಕ. ಈ ಇಡೀ ಆಟದಲ್ಲಿ ಎಂಸಿಬಿಗೂ ಗೊತ್ತಾಗುವುದಿಲ್ಲ, ಕರೆಂಟ್ ಸೋರಿದರೆ ಬೀಳುವ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಹೊಗೆ ಪತ್ತೆ ಮಾಡುವ ಡಿಟೆಕ್ಟರ್ ಸಾಮಾನ್ಯವಾಗಿ ಸೀಲಿಂಗ್‌ನ ಕೆಳಗಿರುತ್ತದೆ, ಬೇಯುತ್ತಿರುವುದು ಮೇಲೆ.

ಆದ್ದರಿಂದಲೇ ಕಣ್ಣಿನಲ್ಲಿ ನೋಡುವುದೊಂದೇ ದಾರಿ ಅನ್ನುತ್ತಿದ್ದೇನೆ. ಡಿಬಿಯಿಂದ ಎಸಿಯ ಟರ್ಮಿನಲ್ (ವೈರ್ ಸಿಕ್ಕಿಸುವ ಜಾಗ) ತನಕ ಒಂದೇ ತುಂಡು ಕೇಬಲ್ ಬರಬೇಕು, ನಡುವೆ ಜಾಯಿಂಟ್ ಇರಬಾರದು. ತಪ್ಪಿಸೋಕೆ ಆಗದಿದ್ದರೆ ಸರಿಯಾದ ಟರ್ಮಿನಲ್ ಬ್ಲಾಕ್ ಹಾಕಿ, ಮುಚ್ಚಳ ಇರುವ ಡಬ್ಬಿಯಲ್ಲಿಟ್ಟು, ಆ ಡಬ್ಬಿಯ ಕೆಳಗೆ ಕಿಂಡಿ ಬಿಡಬೇಕು. ವೈರಿನ ತುದಿಗೆ ಲಗ್ ಅಥವಾ ಫೆರೂಲ್ ಅನ್ನುವ ಲೋಹದ ಟೋಪಿ ಹಾಕಿ ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಚಪ್ಪಟೆ ಮಾಡಿದರೆ ಅದು ಕ್ರಿಂಪ್ ಅಲ್ಲ. ಸ್ಕ್ರೂ ಬಿಗಿ ಮಾಡಿದ ಮೇಲೆ ವೈರನ್ನು ಕೈಯಲ್ಲಿ ಎಳೆದು ನೋಡಬೇಕು. ಇದಕ್ಕೆಲ್ಲ ದುಡ್ಡು ಹೆಚ್ಚೇನೂ ಖರ್ಚಾಗುವುದಿಲ್ಲ, ತಾಳ್ಮೆ ಬೇಕು ಅಷ್ಟೇ.

ಎಂಸಿಬಿಯ ವಿಷಯದಲ್ಲಿ ಇನ್ನೊಂದು ಕೆಟ್ಟ ಚಾಳಿ ಇದೆ. ಬೇಸಿಗೆಯಲ್ಲಿ ಎಂಸಿಬಿ ಪದೇ ಪದೇ ಬೀಳುತ್ತಿದೆ ಅಂದರೆ, 20 ಆಂಪಿಯರ್‌ದು ತೆಗೆದು 32 ಆಂಪಿಯರ್‌ದು ಹಾಕಿಬಿಡುತ್ತಾರೆ. ಒಳಗಿರುವ ಕೇಬಲ್ ಮಾತ್ರ ಅದೇ 2.5 ಸ್ಕ್ವೇರ್ ಎಂಎಂ. ಎಂಸಿಬಿ ಇರುವುದು ಕೇಬಲ್ ಕಾಯೋಕೆ. ಕೇಬಲ್‌ನ ಶಕ್ತಿಗಿಂತ ದೊಡ್ಡ ಎಂಸಿಬಿ ಹಾಕಿದರೆ ಕಾವಲುಗಾರನನ್ನು ಮನೆಗೆ ಕಳಿಸಿದಂತಾಯಿತು. 2 ಟನ್‌ನ ಎಸಿಗೆ ನಾನು 4 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್‌ಗಿಂತ ಕಡಿಮೆ ಹಾಕಿಸುವುದಿಲ್ಲ. 3, 4 ಟನ್‌ಗೆ ತ್ರೀ ಫೇಸ್ ಮಾಡೆಲ್ ಇದ್ದರೆ ಅದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಕೇಬಲ್ ಟೇಬಲ್‌ನಲ್ಲಿ ಕೊಟ್ಟಿರುವ ಆಂಪಿಯರ್ ಲೆಕ್ಕ ಒಂದು ನಿಗದಿತ ಬಿಸಿಗೆ ಮಾತ್ರ ಅನ್ನುವುದೂ ನೆನಪಿರಲಿ. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಟೆರೇಸ್ ಕೆಳಗಿನ ಫಾಲ್ಸ್ ಸೀಲಿಂಗ್ ಒಳಗೆ ಕೈ ಇಟ್ಟು ನೋಡಿ. ಅಲ್ಲಿ ನಾಲ್ಕಾರು ಕೇಬಲ್ ಒಟ್ಟಿಗೆ ಕಟ್ಟಿ ಹಾಕಿದ್ದರೆ ಅವುಗಳ ಶಕ್ತಿ ಇನ್ನೂ ಕಡಿಮೆ. ಎಷ್ಟೋ ಕಡೆ ತಾಮ್ರದ ಪೈಪಿನ ಕಪ್ಪು ಇನ್ಸುಲೇಷನ್ ಒಳಗೇ ಕೇಬಲ್ ತುರುಕಿ ಟೇಪ್ ಸುತ್ತಿರುತ್ತಾರೆ. ನೋಡೋಕೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಕೇಬಲ್‌ಗೆ ಅದು ಕಂಬಳಿ ಹೊದಿಸಿದಂತೆ. ಕೇಬಲ್‌ಗೆ ಅದರದೇ ಪೈಪ್ ಇರಲಿ.

ಎಸ್‌ಪಿ ರೋಡ್‌ನಲ್ಲಿ ಅರ್ಧ ಬೆಲೆಗೆ ಕೇಬಲ್ ಸಿಗುತ್ತದೆ ಅನ್ನುವ ಮಾಲೀಕರಿಗೆ ಒಂದು ಮಾತು. ವೈರಿನ ಮೇಲೆ ಐಎಸ್‌ಐ ಗುರುತು ಇದ್ದರೆ ಸಾಲದು, ಅದರ ಜೊತೆ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ. ಫಾಲ್ಸ್ ಸೀಲಿಂಗ್ ಒಳಗೆ ಹಾಕುವಾಗ ಬೆಂಕಿಯಲ್ಲಿ ಕಡಿಮೆ ಹೊಗೆ ಬಿಡುವ ಎಫ್‌ಆರ್‌ಎಲ್‌ಎಸ್ ಕೇಬಲ್ಲೇ ಕೇಳಿ ತೆಗೆದುಕೊಳ್ಳಿ. ಹೊಗೆ ಎಷ್ಟು ಭಯಂಕರ ಅನ್ನುವುದನ್ನು ಬೆಂಗಳೂರು ಮರೆಯಬಾರದು. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅದು ಎಸಿಯಿಂದ ಆದದ್ದಲ್ಲ, ಆದರೆ ವಿದ್ಯುತ್ ಕೇಬಲ್ ಹಾದುಹೋಗುವ ಡಕ್ಟ್‌ನಿಂದ ಎದ್ದ ಹೊಗೆ ಇಡೀ ಕಟ್ಟಡ ತುಂಬಿತ್ತು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು. ಕಣ್ಣಿಗೆ ಬೀಳದ ಜಾಗದಲ್ಲಿರುವ ವೈರು ಏನು ಮಾಡಬಲ್ಲದು ಅಂತ ನಮ್ಮೂರೇ ನೋಡಿದೆ.

ಇನ್ನು ಅರ್ಥಿಂಗ್. ಕ್ಯಾಸೆಟ್‌ನ ಮೈ ತಗಡಿನದು, ಪೈಪ್ ತಾಮ್ರದ್ದು, ಒಳಗೆ ನೀರಿದೆ, ನೀರೆತ್ತುವ ಪಂಪ್ ಇದೆ. ಇಷ್ಟಿರುವ ಕಡೆ ಹಸಿರು ವೈರು ಎಲ್ಲಿಂದ ಬಂದಿದೆ ಅಂತ ಕೇಳಿದರೆ ಹುಡುಗರು ಮುಖ ಮುಖ ನೋಡುತ್ತಾರೆ. ಕೆಲವು ಹಳೇ ಕಟ್ಟಡಗಳಲ್ಲಿ ಅರ್ಥ್ ಸಿಗದಾಗ ನ್ಯೂಟ್ರಲ್‌ಗೇ ಹಸಿರು ವೈರ್ ಸೇರಿಸಿಬಿಡುತ್ತಾರೆ. ಎಸಿ ಓಡುತ್ತದೆ, ಟೆಸ್ಟರ್‌ನಲ್ಲೂ ಏನೂ ತೋರಿಸುವುದಿಲ್ಲ. ಎಲ್ಲೋ ನ್ಯೂಟ್ರಲ್ ಕಟ್ ಆದ ದಿನ ಎಸಿಯ ಮೈಯಿಡೀ 230 ವೋಲ್ಟ್. ಫಿಲ್ಟರ್ ತೊಳೆಯೋಣ ಅಂತ ಸ್ಟೂಲ್ ಹತ್ತಿದವರ ಕಥೆ ಏನು? ಆರ್‌ಸಿಸಿಬಿ ಬೀಳುತ್ತದೆ ಅಂತ ಅದನ್ನೇ ಬೈಪಾಸ್ ಮಾಡಿರುವ ಡಿಬಿಗಳನ್ನೂ ನೋಡಿದ್ದೇನೆ. ಇನ್ವರ್ಟರ್ ಎಸಿಯಲ್ಲಿ ಸ್ವಲ್ಪ ಲೀಕೇಜ್ ಇರುತ್ತದೆ ನಿಜ. ಒಂದೇ ಆರ್‌ಸಿಸಿಬಿಯ ಮೇಲೆ ಎಲ್ಲವನ್ನೂ ಹೇರಿದರೆ ಬೀಳುವುದೂ ನಿಜ. ಎಸಿಗೆ ಬೇರೆಯದೇ ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವುದು) ಹಾಕಿದರೆ ಈ ತೊಂದರೆ ತಪ್ಪುತ್ತದೆ. ರಕ್ಷಣೆಯನ್ನೇ ಕಿತ್ತುಹಾಕುವುದು ಯಾವ ಪರಿಹಾರ?

ತೂಗುಹಾಕುವ ವಿಷಯಕ್ಕೆ ಬರುತ್ತೇನೆ. 60 ಸೆಂಟಿಮೀಟರ್ ಚೌಕದ ಗ್ರಿಡ್‌ಗೆ ಹೊಂದುವ ಸಣ್ಣ ಕ್ಯಾಸೆಟ್ಟೇ ಸುಮಾರು 16ರಿಂದ 20 ಕಿಲೋ ತೂಗುತ್ತದೆ. 3, 4 ಟನ್‌ನದು 84 ಸೆಂಟಿಮೀಟರ್ ಚೌಕ ಇರುತ್ತದೆ, 25 ಕಿಲೋ ದಾಟುತ್ತದೆ. ಅದರ ಮೇಲೆ ಪ್ಯಾನಲ್‌ನ ಐದಾರು ಕಿಲೋ, ಎಸಿಯೊಳಗೆ ನೀರು ಹಿಡಿಯುವ ಟ್ರೇಯಲ್ಲಿ ನಿಂತ ನೀರು, ಫ್ಯಾನ್‌ನ ಅದುರಾಟ. ಈ ಭಾರವನ್ನು ಹೊರಬೇಕಾದದ್ದು ಆರ್‌ಸಿಸಿ ಸ್ಲ್ಯಾಬ್. ನಾಲ್ಕು ಮೂಲೆಗೆ ನಾಲ್ಕು ಥ್ರೆಡೆಡ್ ರಾಡ್, ಸ್ಲ್ಯಾಬ್‌ಗೆ ಕಾಂಕ್ರೀಟ್‌ನೊಳಗೆ ಬಿಗಿದು ಕೂರುವ ಆಂಕರ್ ಫಾಸ್ಟ್‌ನರ್, ಬ್ರಾಕೆಟ್‌ನ ಮೇಲೊಂದು ಕೆಳಗೊಂದು ವಾಷರ್, ಕೆಳಗಡೆ ಡಬಲ್ ನಟ್. ಒಂದೇ ನಟ್ ಇದ್ದರೆ ಅದುರಾಟಕ್ಕೆ ವರ್ಷಗಟ್ಟಲೆ ಸಣ್ಣಗೆ ಸಡಿಲವಾಗುತ್ತಾ ಬರುತ್ತದೆ. ಜಿಪ್ಸಂ ಚಾನಲ್ ಭಾರ ಹೊರೋಕೆ ಮಾಡಿದ್ದಲ್ಲ. ಆದರೂ ರಾಡ್ ಸಾಲದೆ ಬಂದಾಗ ಒಂದು ಮೂಲೆಯನ್ನು ಚಾನಲ್‌ಗೆ ಬೈಂಡಿಂಗ್ ವೈರ್‌ನಲ್ಲಿ ಕಟ್ಟಿದ್ದನ್ನು ನಾನೇ ಬಿಚ್ಚಿಸಿದ್ದೇನೆ.

ಸ್ಲ್ಯಾಬ್ ಅಂದೆ. ಎಲ್ಲ ಕಡೆ ಸ್ಲ್ಯಾಬ್ ಒಂದೇ ಅಲ್ಲ. ಚಿಕ್ಕಪೇಟೆ, ಬಸವನಗುಡಿ ಕಡೆಯ ಹಳೇ ಕಟ್ಟಡಗಳಲ್ಲಿ ಮದ್ರಾಸ್ ಟೆರೇಸ್ ಇರುತ್ತದೆ. ಮರದ ತೊಲೆ, ಅದರ ಮೇಲೆ ಇಟ್ಟಿಗೆ, ಸುಣ್ಣದ ಗಾರೆ. ಆ ಇಟ್ಟಿಗೆಗೆ ಫಾಸ್ಟ್‌ನರ್ ಹೊಡೆದರೆ ಹೊಡೆದ ದಿನ ನಿಲ್ಲುತ್ತದೆ, ಆಮೇಲೆ ಹೇಳೋಕಾಗಲ್ಲ. ಅಲ್ಲಿ ಗೋಡೆಯಿಂದ ಗೋಡೆಗೆ ಕಬ್ಬಿಣದ ಆ್ಯಂಗಲ್ ಅಥವಾ ಸಿ-ಚಾನಲ್ ಕೊಟ್ಟು ಅದರಿಂದ ಇಳಿಬಿಡಬೇಕು. ಇದಕ್ಕೆ ತದ್ವಿರುದ್ಧ ಹೊರವರ್ತುಲ ರಸ್ತೆಯ ದೊಡ್ಡ ದೊಡ್ಡ ಆಫೀಸ್ ಕಟ್ಟಡಗಳು. ಅಲ್ಲಿ ಎಷ್ಟೋ ಕಡೆ ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಇರುತ್ತದೆ. ಕಾಂಕ್ರೀಟ್ ಒಳಗೆ ಬಿಗಿದ ಉಕ್ಕಿನ ತಂತಿಗಳು. ಡ್ರಿಲ್ ಬಿಟ್ ಹೋಗಿ ಅದಕ್ಕೆ ತಾಗಿದರೆ ಎಸಿಯ ಮಾತು ಬಿಡಿ, ಸ್ಲ್ಯಾಬ್‌ಗೇ ಪೆಟ್ಟು, ಡ್ರಿಲ್ ಹಿಡಿದವನ ಪ್ರಾಣಕ್ಕೂ ಅಪಾಯ. ಡ್ರಾಯಿಂಗ್ ನೋಡದೆ, ಸ್ಕ್ಯಾನ್ ಮಾಡದೆ ಅಲ್ಲಿ ಒಂದು ತೂತೂ ಕೊರೆಯಬಾರದು. ಮಂಗಳೂರು, ಉಡುಪಿ, ಕಾರವಾರದವರು ರಾಡ್ ಮತ್ತು ನಟ್‌ಗೆ ತುಕ್ಕು ಹಿಡಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಪ್ಪುಗಾಳಿ ಸೀಲಿಂಗ್ ಒಳಗೂ ಹೋಗುತ್ತದೆ.

ನೀರಿನ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕಂದ್ರೆ ಕ್ಯಾಸೆಟ್‌ನಲ್ಲಿ ನೀರು ಮತ್ತು ಕರೆಂಟ್ ಅಕ್ಕಪಕ್ಕದಲ್ಲೇ ಇವೆ. ಗೋಡೆಯ ಎಸಿಯಲ್ಲಿ ನೀರು ತಾನಾಗಿ ಇಳಿದುಹೋಗುತ್ತದೆ. ಕ್ಯಾಸೆಟ್‌ನಲ್ಲಿ ಒಳಗಿನ ಸಣ್ಣ ಪಂಪ್ ನೀರನ್ನು ಮೇಲಕ್ಕೆತ್ತಿ ಡ್ರೈನ್ ಪೈಪಿಗೆ ಬಿಡುತ್ತದೆ. ಅಲ್ಲಿಂದ ಮುಂದೆ 100 ಸೆಂಟಿಮೀಟರ್‌ಗೆ ಕನಿಷ್ಠ 1 ಸೆಂಟಿಮೀಟರ್ ಇಳಿಜಾರು ಬೇಕು. ಮೀಟರ್, ಒಂದೂವರೆ ಮೀಟರ್‌ಗೊಂದು ಸಪೋರ್ಟ್ ಇಲ್ಲದಿದ್ದರೆ ಪೈಪ್ ಜೋತುಬಿದ್ದು ನೀರು ಅಲ್ಲೇ ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ. ಪೈಪ್ ಮುಚ್ಚಿಹೋದರೆ ನೀರು ವಾಪಸ್ ಟ್ರೇಗೆ ಬರುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ದೊಡ್ಡ ಕ್ಯಾಸೆಟ್ ಒಂದು ಗಂಟೆಗೆ ಹಲವು ಲೀಟರ್ ನೀರು ಹಿಂಡುತ್ತದೆ. ಟ್ರೇ ತುಂಬೋಕೆ ಎಷ್ಟು ಹೊತ್ತು?

ಅದಕ್ಕೇ ತಯಾರಕರು ಒಂದು ಫ್ಲೋಟ್ ಸ್ವಿಚ್ ಇಟ್ಟಿರುತ್ತಾರೆ. ಹೆಬ್ಬೆರಳಿನಷ್ಟು ದೊಡ್ಡದು. ನೀರು ಏರಿದರೆ ಅದೂ ಏರುತ್ತದೆ, ಎಸಿ ನಿಲ್ಲುತ್ತದೆ, ಪ್ಯಾನಲ್ ಮೇಲೆ ಎರರ್ ಕೋಡ್ ಬರುತ್ತದೆ. ಈಗ ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ, ಮಾಲೀಕರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ಸರ್ವಿಸ್‌ಗೆ ಬಂದ ಹುಡುಗ ಡ್ರೈನ್ ಪೈಪ್ ಸ್ವಚ್ಛ ಮಾಡುವ ಬದಲು ಫ್ಲೋಟ್ ಸ್ವಿಚ್‌ನ ಎರಡು ವೈರ್ ಸೇರಿಸಿ ಶಾರ್ಟ್ ಮಾಡುತ್ತಾನೆ. ಎರರ್ ಹೋಯಿತು, ಎಸಿ ಶುರುವಾಯಿತು, ಎಲ್ಲರಿಗೂ ಖುಷಿ. ಇನ್ನು ಮುಂದೆ ಟ್ರೇ ತುಂಬಿದರೆ ನೀರು ಚೆಲ್ಲುವುದು ಪಕ್ಕದ ಎಲೆಕ್ಟ್ರಿಕಲ್ ಬಾಕ್ಸ್ ಮೇಲೆ, ಎಲ್‌ಇಡಿ ಲೈಟ್‌ಗಳ ಡ್ರೈವರ್ ಮೇಲೆ, ಆ ಟೇಪ್ ಸುತ್ತಿದ ಜಾಯಿಂಟ್ ಮೇಲೆ. ನೆನೆದ ಜಿಪ್ಸಂ ಬೋರ್ಡ್ ಕುಸಿದು ತಲೆ ಮೇಲೆ ಬೀಳುವುದು ಬೇರೆ. ಮಾಲೀಕರೇ, ದಯವಿಟ್ಟು ಆ ಹುಡುಗನಿಗೆ ಆತುರ ಮಾಡಬೇಡಿ. ಅರ್ಧ ದಿನ ಸೆಕೆ ತಡೆದುಕೊಳ್ಳಿ.

ಹಾಗೆಯೇ, ಬೋರ್ಡ್ ಮುಚ್ಚುವ ಮುಂಚೆ ಟ್ರೇಗೆ ಒಂದೆರಡು ಲೀಟರ್ ನೀರು ಸುರಿದು ಪಂಪ್ ಓಡಿಸಿ ನೋಡಿ. ಹೊರಗಿನ ಬಾಯಿಂದ ಅಷ್ಟೂ ನೀರು ಬಂತಾ? ಯಾವ ಜಾಯಿಂಟ್‌ನಲ್ಲಾದರೂ ಹನಿ ಕಾಣುತ್ತಾ? ಇಷ್ಟು ಸರಳ ಪರೀಕ್ಷೆಯನ್ನು ಮಾಡದೆ ಸೀಲಿಂಗ್ ಮುಚ್ಚಿ, ಆಮೇಲೆ ಕಲೆ ಬಿತ್ತು ಅಂತ ಮೂರು ಸಲ ಬಣ್ಣ ಬಳಿಸಿದವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಗ್ಯಾಸ್ ಬಗ್ಗೆ ಚಿಕ್ಕದಾಗಿ. ಈಗ ಬರುವ ಬಹಳಷ್ಟು ಎಸಿಗಳಲ್ಲಿ ಆರ್-32 ಗ್ಯಾಸ್ ಇದೆ. ಅದು ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್, ಗಾಳಿಗಿಂತ ಭಾರ. ಸಣ್ಣ ಮುಚ್ಚಿದ ಕೋಣೆಗೆ ಎಷ್ಟು ಗ್ಯಾಸ್ ಇರುವ ಎಸಿ ಹಾಕಬಹುದು ಅಂತ ಕೈಪಿಡಿಯಲ್ಲಿ ಲೆಕ್ಕ ಕೊಟ್ಟಿರುತ್ತಾರೆ, ಅದನ್ನು ನೋಡಿ. ಲೀಕ್ ಪರೀಕ್ಷೆಗೆ ನೈಟ್ರೋಜನ್ ಮಾತ್ರ. ವೆಲ್ಡಿಂಗ್‌ಗೆ ತಂದ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇದೆ ಅಂತ ಅದನ್ನು ಪೈಪಿಗೆ ಬಿಟ್ಟರೆ ಕಂಪ್ರೆಸರ್ ಎಣ್ಣೆಯ ಜೊತೆ ಸೇರಿ ಸ್ಫೋಟವಾಗಬಹುದು. ಹಳೇ ಎಸಿ ಬಿಚ್ಚುವಾಗ ಗ್ಯಾಸನ್ನು ಔಟ್‌ಡೋರ್‌ಗೆ ಎಳೆದುಕೊಳ್ಳುತ್ತಾರಲ್ಲ, ಆಗ ಕಂಪ್ರೆಸರ್ ನಿಲ್ಲಿಸದೆ ಪೈಪ್ ಬಿಚ್ಚಿದರೂ ಅದೇ ಅಪಾಯ. ಗಾಳಿ ಒಳಗೆ ಹೋಗಿ, ಎಣ್ಣೆ ಜೊತೆ ಒತ್ತಡಕ್ಕೆ ಸಿಕ್ಕಿ ಕಂಪ್ರೆಸರ್ ಸಿಡಿಯಬಹುದು. ಫಾಲ್ಸ್ ಸೀಲಿಂಗ್ ಒಳಗೆ, ಪ್ಲೈವುಡ್ ಪಕ್ಕದಲ್ಲಿ ಬ್ರೇಜಿಂಗ್ (ಬೆಂಕಿಯಲ್ಲಿ ಪೈಪ್ ಬೆಸೆಯುವುದು) ಮಾಡುವಾಗ ಕೆಳಗೆ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರಲೇಬೇಕು.

ಈ ಕೆಲಸ ಮಾಡುವ ಹುಡುಗರ ಬಗ್ಗೆ ನನಗೆ ನಿಜಕ್ಕೂ ಸಂಕಟ ಇದೆ. ಬಹಳಷ್ಟು ಮಂದಿ ಇಪ್ಪತ್ತರ ಆಸುಪಾಸಿನವರು. ವಿಜಯಪುರದಿಂದ, ಯಾದಗಿರಿಯಿಂದ ಬಂದವರಿದ್ದಾರೆ, ಬಿಹಾರ, ಒಡಿಶಾದಿಂದ ಬಂದವರಿದ್ದಾರೆ. ಪೀಸಿಗೆ ಇಷ್ಟು ಅಂತ ಕೂಲಿ. ದಿನಕ್ಕೆ ಎರಡು ಪೀಸ್ ಕೂರಿಸಿದರೆ ಊಟ, ಒಂದೇ ಕೂರಿಸಿದರೆ ಪೆಟ್ರೋಲಿಗೆ ಸರಿ. ಇಂಥವರ ಹತ್ತಿರ ವೈರಿನ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಹಿಡಿದು ಅಳೆಯಿರಿ ಅಂದರೆ ಯಾರು ಅಳೆಯುತ್ತಾರೆ? ಮೂರನೇ ಮಹಡಿಯ ಹೊರಗೋಡೆಯಲ್ಲಿ ಔಟ್‌ಡೋರ್ ಕೂರಿಸುವಾಗ ಸೊಂಟಕ್ಕೆ ಬೆಲ್ಟ್ ಕೂಡ ಇರುವುದಿಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಇಂಡೋರ್‌ಗೂ ಔಟ್‌ಡೋರ್‌ಗೂ ಬೇರೆ ಬೇರೆ ಸಪ್ಲೈ ಇರುತ್ತದೆ. ಒಂದನ್ನು ಆಫ್ ಮಾಡಿ ಎರಡೂ ಸತ್ತಿದೆ ಅಂದುಕೊಂಡು ಕೈ ಹಾಕುತ್ತಾರೆ. ಇನ್ವರ್ಟರ್ ಬೋರ್ಡ್‌ನ ಕೆಪಾಸಿಟರ್‌ನಲ್ಲಿ ಸಪ್ಲೈ ತೆಗೆದ ಮೇಲೂ 300 ವೋಲ್ಟ್‌ಗಿಂತ ಹೆಚ್ಚು ಡಿಸಿ ಉಳಿದಿರುತ್ತದೆ. ಹತ್ತು ನಿಮಿಷ ಕಾದು, ಮೀಟರ್ ಇಟ್ಟು ನೋಡಿ ಮುಟ್ಟಬೇಕು ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಪೆಟ್ಟಿಗೆಯೊಳಗೆ ಕೈಪಿಡಿ ಇರುತ್ತದೆ. ಆದರೆ ನನ್ನ ಕೈಗೆ ಬಂದ ಪೆಟ್ಟಿಗೆಗಳಲ್ಲಿ ಕನ್ನಡದ ಕೈಪಿಡಿ ಒಂದೂ ಇರಲಿಲ್ಲ.

ಕಾನೂನು ಇಲ್ಲ ಅಂತಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಇವೆ. ಹೊಸ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಬೇಕು, ಅರ್ಹತೆ ಇರುವವರ ಮೇಲುಸ್ತುವಾರಿ ಇರಬೇಕು ಅಂತ ನಿಯಮ ಹೇಳುತ್ತದೆ. ಬಲ್ಬ್, ಫ್ಯಾನ್, ಫ್ಯೂಸ್ ಬದಲಿಸುವಂಥ ಕೆಲಸಕ್ಕೆ ಮಾತ್ರ ವಿನಾಯಿತಿ. ಆದರೆ ಕ್ಯಾಸೆಟ್ ಎಸಿಯನ್ನು ಜನ ಇನ್ನೂ ಫ್ಯಾನ್ ಹಾಕಿಸಿದ ಹಾಗೇ ನೋಡುತ್ತಾರೆ. 3 ಟನ್‌ನ ನಾಲ್ಕು ಎಸಿ ಹಾಕಿಸಿದರೆ ಸುಮಾರು 14 ಕಿಲೋವ್ಯಾಟ್ ಹೊಸ ಲೋಡ್. ಬೆಸ್ಕಾಂಗೆ ಹೆಚ್ಚುವರಿ ಲೋಡ್ ಅರ್ಜಿ ಹಾಕದೆ, ಮೀಟರ್‌ನಿಂದ ಬರುವ ಮೇನ್ ಕೇಬಲ್ ಬದಲಿಸದೆ ಇದನ್ನೆಲ್ಲ ಹಳೇ ಡಿಬಿಗೆ ಜೋತುಹಾಕುತ್ತಾರೆ. ತ್ರೀ ಫೇಸ್‌ನಲ್ಲಿ ಎಲ್ಲ ಎಸಿಗಳನ್ನೂ ಒಂದೇ ಫೇಸ್ ಮೇಲೆ ಹಾಕಿರುವುದೂ ಉಂಟು. ನ್ಯೂಟ್ರಲ್ ಬಿಸಿಯಾಗಿ ಸಡಿಲವಾದ ದಿನ ಪಕ್ಕದ ಫೇಸ್‌ನಲ್ಲಿರುವ ಕಂಪ್ಯೂಟರ್, ಫ್ರಿಜ್‌ಗಳಿಗೆ 230ರ ಬದಲು 400ರ ಹತ್ತಿರ ವೋಲ್ಟೇಜ್ ಹೋಗಬಹುದು.

ಮುಖ್ಯ ಪರಿವೀಕ್ಷಕರೇ, ನಿಮ್ಮ ಇಲಾಖೆಯ ಅಧಿಕಾರಿಗಳು ಪ್ರತಿ ಅಂಗಡಿಯ ಸೀಲಿಂಗ್ ಒಳಗೂ ಇಣುಕಬೇಕು ಅಂತ ನಾನು ಹೇಳುತ್ತಿಲ್ಲ. ಅಷ್ಟು ಜನ ನಿಮ್ಮಲ್ಲಿಲ್ಲ ಅಂತ ನಮಗೂ ಗೊತ್ತು. ನಿಮ್ಮಿಂದ ಆಗಬೇಕಾದದ್ದು ಕನ್ನಡದಲ್ಲಿ ಒಂದು ಪುಟದ ಪರಿಶೀಲನಾ ಪತ್ರ. ಅದರಲ್ಲಿ ರಾಡ್ ಯಾವುದಕ್ಕೆ ಕೂತಿದೆ, ಡಬಲ್ ನಟ್ ಇದೆಯೇ, ಕೇಬಲ್ ಅಳತೆ ಎಷ್ಟು, ಎಂಸಿಬಿ ಎಷ್ಟು, ನಡುವೆ ಜಾಯಿಂಟ್ ಇದೆಯೇ, ಅರ್ಥ್ ಎಲ್ಲಿಂದ, 500 ವೋಲ್ಟ್ ಮೆಗ್ಗರ್‌ನಲ್ಲಿ ಎಷ್ಟು ಬಂತು, ನೀರು ಸುರಿದು ನೋಡಿದಿರಾ, ಕಿಂಡಿ ಬಿಟ್ಟಿದ್ದೀರಾ ಅಂತ ಇದ್ದರೆ ಸಾಕು. ಮೆಗ್ಗರ್ ರೀಡಿಂಗ್ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಮುಂದುವರಿಯಬಾರದು, ಮೆಗ್ಗರ್ ಹಚ್ಚುವ ಮುಂಚೆ ಎಸಿಯ ಎಲೆಕ್ಟ್ರಾನಿಕ್ ಬೋರ್ಡ್‌ನ ಕನೆಕ್ಷನ್ ಬಿಚ್ಚಿರಬೇಕು ಅಂತಲೂ ಬರೆಯಿಸಿ. ಕೆಳಗೆ ಪರ್ಮಿಟ್ ನಂಬರ್ ಮತ್ತು ಸಹಿ. ಸೀಲಿಂಗ್ ತೆರೆದಿದ್ದಾಗ ತೆಗೆದ ನಾಲ್ಕು ಫೋಟೋ ಜೊತೆಗಿರಲಿ. ಹೆಚ್ಚುವರಿ ಲೋಡ್ ಅರ್ಜಿಯ ಜೊತೆ ಈ ಪತ್ರ ಲಗತ್ತಿಸಲೇಬೇಕು ಅಂತ ಬೆಸ್ಕಾಂನಂಥ ವಿದ್ಯುತ್ ಸರಬರಾಜು ಕಂಪನಿಗಳಿಗೆ (ಎಸ್ಕಾಂ) ಒಂದು ಸುತ್ತೋಲೆ ಹೊರಡಿಸಿ. ಎಸಿ ಕಂಪನಿಗಳಿಗೂ ಒಂದು ಪತ್ರ ಬರೆದು ಕನ್ನಡದ ಕೈಪಿಡಿ ಕೇಳಿ. ಸರ್ಕಾರದ ಲೆಟರ್‌ಹೆಡ್‌ನಲ್ಲಿ ಹೋದರೆ ಉತ್ತರ ಬರುತ್ತದೆ, ನಾನು ಕೇಳಿದರೆ ಬರುವುದಿಲ್ಲ. ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಮತ್ತು ಎಸಿ ಮೆಕ್ಯಾನಿಕ್ ಓದುವ ಮಕ್ಕಳಿಗೆ ಇದೇ ಹಾಳೆ ಇಟ್ಟುಕೊಂಡು ಒಂದು ದಿನದ ತರಬೇತಿ ಕೊಡಿಸಿದರೆ ಇನ್ನೂ ಒಳ್ಳೆಯದು.

ಮಾಲೀಕರೇ, ಸುತ್ತೋಲೆ ಬರಲಿ ಅಂತ ನೀವು ಕಾಯಬೇಕಿಲ್ಲ. ಕೊಟೇಶನ್ ತೆಗೆದುಕೊಳ್ಳುವಾಗಲೇ ಕೊನೆಯ ಕನೆಕ್ಷನ್ ಯಾರ ಜವಾಬ್ದಾರಿ ಅಂತ ಬರೆಸಿಕೊಳ್ಳಿ. ವೈರ್‌ಮನ್ ಪರ್ಮಿಟ್ ತೋರಿಸಿ ಅಂತ ಕೇಳಿ, ಕೇಳೋಕೆ ಸಂಕೋಚ ಪಡಬೇಡಿ. ಪರೀಕ್ಷೆಗೆ ತಗಲುವ ಅರ್ಧ ದಿನದ ಕೂಲಿಯನ್ನು ಬೇರೆಯಾಗಿ ಕೊಡಿ, ಪೀಸ್ ರೇಟಿನಲ್ಲಿ ಸೇರಿಸಬೇಡಿ. ಇಂಟೀರಿಯರ್‌ನವರ ಕೊನೆಯ ಕಂತನ್ನು ಆ ಹಾಳೆ ಕೈಗೆ ಬಂದ ಮೇಲೆ ಕೊಡಿ. ಈಗಾಗಲೇ ಕ್ಯಾಸೆಟ್ ಹಾಕಿಸಿ ಸೀಲಿಂಗ್ ಮುಚ್ಚಿಸಿದ್ದರೆ, ಎಲೆಕ್ಟ್ರಿಕಲ್ ಬಾಕ್ಸ್ ಇರುವ ಮೂಲೆಯ ಹತ್ತಿರ ಒಂದೂವರೆ ಅಡಿ ಚೌಕದ ಕಿಂಡಿ ಕತ್ತರಿಸಿ ಬಾಗಿಲು ಇಡಿಸಿ. ಒಂದು ಸಲ ಎಸಿ ಪೂರ್ತಿ ಓಡುತ್ತಿರುವಾಗ ಕ್ಲ್ಯಾಂಪ್ ಮೀಟರ್‌ನಲ್ಲಿ ಕರೆಂಟ್ ಅಳೆಸಿ. ಆಮೇಲೆ ಎಲ್ಲ ಆಫ್ ಮಾಡಿಸಿ ಟರ್ಮಿನಲ್‌ಗಳನ್ನು ಬಿಗಿ ಮಾಡಿಸಿ.

ಬೇಸಿಗೆಯ ಆರ್ಡರ್‌ಗಳು ನಮಗೆ ಫೆಬ್ರವರಿಯಲ್ಲೇ ಶುರುವಾಗುತ್ತವೆ. ಮಾರ್ಚ್ ಬಂತೆಂದರೆ ಯಾರಿಗೂ ಯಾರ ಮಾತು ಕೇಳಲೂ ಪುರಸೊತ್ತಿರುವುದಿಲ್ಲ. ಆದ್ದರಿಂದ ಆ ಒಂದು ಪುಟವನ್ನು ಜನವರಿಯೊಳಗೆ ಹೊರಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕರಡು ಬರೆಯಲು ಕೆಲಸ ಗೊತ್ತಿರುವ ಕೈ ಬೇಕಿದ್ದರೆ ನಾನೂ, ನನ್ನ ಜೊತೆ ಕೆಲಸ ಮಾಡುವ ವೈರ್‌ಮನ್‌ಗಳೂ ನಿಮ್ಮ ಕಚೇರಿಗೆ ಬರಲು ಸಿದ್ಧ.

ಇಂತಿ ನಿಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಎಲೆಕ್ಟ್ರಿಕಲ್ ಸೂಪರ್‌ವೈಸರ್